ಕೊಡಗಿನ ಹೋಮ್‌ಸ್ಟೇ, ಕಾಫಿ ಪುಡಿ, ಜೇನು: ಫೋನ್‌ನಲ್ಲೇ ಗಿರಾಕಿ ಉಳಿಸಿಕೊಳ್ಳುವ ದಾರಿ

ಶನಿವಾರ ಬೆಳಿಗ್ಗೆ ಕುಶಾಲನಗರದ ಕಡೆಯಿಂದ ಹತ್ತಿ ಬರುವ ಕಾರುಗಳು ಭಾನುವಾರ ಸಂಜೆ ಅದೇ ದಾರಿಯಲ್ಲಿ ಇಳಿದು ಹೋಗುತ್ತವೆ. ಡಿಕ್ಕಿಯಲ್ಲಿ ಅರ್ಧ ಕಿಲೋ ಕಾಫಿ ಪುಡಿ, ಕಾಲು ಕಿಲೋ ಕರಿಮೆಣಸು, ಒಂದು ಬಾಟಲಿ ಜೇನು. ಪುಡಿ ಒಂದು ತಿಂಗಳಲ್ಲಿ ಖಾಲಿ. ಆಮೇಲೆ ಆ ಮನೆಯವರು ಬೆಂಗಳೂರಿನ ಸೂಪರ್ ಮಾರ್ಕೆಟ್‌ನಲ್ಲಿ ಕೈಗೆ ಸಿಕ್ಕಿದ್ದನ್ನು ಕೊಳ್ಳುತ್ತಾರೆ. ನಿಮ್ಮ ಪುಡಿ ಚೆನ್ನಾಗಿರಲಿಲ್ಲ ಅಂತಲ್ಲ. ಯಾವ ಅಂಗಡಿಯಲ್ಲಿ ತಗೊಂಡಿದ್ದು, ಫೋನ್ ನಂಬರ್ ಏನು, ಒಂದೂ ನೆನಪಿಲ್ಲ.

ಸೋಷಿಯಲ್ ಮೀಡಿಯಾ ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ಲಕ್ಷ ಜನ ನೋಡುವ ರೀಲ್ಸ್. ನನ್ನ ಲೆಕ್ಕ ಬೇರೆ. ಕೊಡಗಿಗೆ ಜನ ಹೇಗೂ ಬರುತ್ತಾರೆ. ಒಮ್ಮೆ ಬಂದವರ ಜತೆ ನಂಟು ಉಳಿಸಿಕೊಂಡು, ಮುಂದಿನ ಸಲ ಅವರು ಬುಕಿಂಗ್ ಆ್ಯಪ್ ಬಿಟ್ಟು ನೇರವಾಗಿ ನಿಮಗೇ ಫೋನ್ ಮಾಡುವಂತೆ ಮಾಡಿದರೆ ಲಾಭ ಜಾಸ್ತಿ. ಅದಕ್ಕೇ ಇಲ್ಲಿ ಮೊದಲು ವಾಟ್ಸಾಪ್, ಆಮೇಲೆ ಗೂಗಲ್ ಮ್ಯಾಪ್, ಆಮೇಲೆ ಇನ್‌ಸ್ಟಾಗ್ರಾಂ. ದುಡ್ಡು ಕೊಟ್ಟು ಹಾಕುವ ಜಾಹೀರಾತು ಕೊನೆಗೆ, ಅದೂ ಬೇಕಿದ್ದರೆ.

ಶುರು ಮಾಡುವ ಮೊದಲು

ನಿಮ್ಮ ಗಿರಾಕಿ ಯಾರು ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಬೆಂಗಳೂರು, ಮೈಸೂರಿನಿಂದ ವಾರಾಂತ್ಯಕ್ಕೆ ಬರುವ ಕುಟುಂಬಗಳು ಒಂದು ಗುಂಪು. ಮಾಕುಟ್ಟ ಘಾಟಿ ಹತ್ತಿ ವಿರಾಜಪೇಟೆಗೆ ಬರುವ ಕಣ್ಣೂರು, ತಲಶೇರಿ ಕಡೆಯವರು ಇನ್ನೊಂದು. ಮೂರನೆಯ ಗುಂಪನ್ನು ನಾವು ಮರೆತೇಬಿಡುತ್ತೇವೆ: ಇಲ್ಲಿಯೇ ಹುಟ್ಟಿ ಬೆಳೆದು ಈಗ ಹೊರಗಿರುವ ನಮ್ಮವರು. ಅವರಿಗೆ ಅಬ್ಬಿ ಜಲಪಾತದ ಫೋಟೋ ಬೇಡ. ಅವರಿಗೆ ಬೇಕಾದ್ದು ಒಳ್ಳೆಯ ಕಾಚಂಪುಳಿ (ಅಡುಗೆಗೆ ಹಾಕುವ ಕಪ್ಪು ಹುಳಿ), ಕಡುಬಿನ ಅಕ್ಕಿ ತರಿ, ಮಳೆಗಾಲದ ಕಣಿಲೆ (ಎಳೆ ಬಿದಿರು), ಮನೆಯ ಉಪ್ಪಿನಕಾಯಿ. ರೇಟಿಗೆ ಚೌಕಾಸಿ ಕಡಿಮೆ, ಮತ್ತೆ ಮತ್ತೆ ಕೊಳ್ಳುತ್ತಾರೆ, ನಾಲ್ಕು ನೆಂಟರಿಗೂ ಹೇಳುತ್ತಾರೆ. ಸಣ್ಣದಾಗಿ ಶುರು ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಗಿರಾಕಿ ಸಿಗುವುದಿಲ್ಲ.

ವಾಟ್ಸಾಪ್ ಬಿಸಿನೆಸ್

ಇದು ಉಚಿತ ಆ್ಯಪ್, ಮಾಮೂಲಿ ವಾಟ್ಸಾಪ್‌ಗಿಂತ ಬೇರೆ. ವ್ಯಾಪಾರಕ್ಕೆ ಬೇರೆ ನಂಬರ್ ಇಟ್ಟುಕೊಳ್ಳಿ. ಮಗಳು ಕಾಲೇಜಿಗೆ ಹೋದಾಗ ಅವಳ ಜತೆ ಹೋಗುವ ನಂಬರ್ ಬೇಡ. ಅಂಗಡಿ ಇರುವವರೆಗೂ ಇರುವ ನಂಬರ್ ಬೇಕು.

ತೋಟದ ಮನೆಗೆ ಸಿಗ್ನಲ್ ಇಲ್ಲ ಎಂಬ ಮಾತು ಬಂದೇ ಬರುತ್ತದೆ. ಪೇಟೆಗೆ ಹೋದಾಗ ಸಿಮ್ ಹಾಕಿ ಒಟಿಪಿ ಪಡೆದು ಒಮ್ಮೆ ನೋಂದಾಯಿಸಿದರೆ ಸಾಕು. ಆಮೇಲೆ ಮನೆಯ ವೈಫೈನಲ್ಲೇ ವಾಟ್ಸಾಪ್ ನಡೆಯುತ್ತದೆ, ಆ ಸಿಮ್‌ಗೆ ಸಿಗ್ನಲ್ ಇರಬೇಕೆಂದಿಲ್ಲ. ಮಾಮೂಲಿ ಕರೆಯೂ ಬರಬೇಕಿದ್ದರೆ ಫೋನ್ ಸೆಟ್ಟಿಂಗ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ ನೋಡಿ. ಎಲ್ಲ ಫೋನು, ಎಲ್ಲ ಕಂಪನಿಗಳಲ್ಲಿ ಅದು ಇಲ್ಲ. ಇಲ್ಲದಿದ್ದರೆ ಬೋರ್ಡು, ಲೇಬಲ್ ಮೇಲೆ ‘ವಾಟ್ಸಾಪ್ ಮಾತ್ರ’ ಎಂದು ಸ್ಪಷ್ಟವಾಗಿ ಬರೆಸಿ.

ಆ್ಯಪ್ ಹಾಕಿದ ಮೇಲೆ ಮಾಡಬೇಕಾದ ಮೊದಲ ಕೆಲಸ ಕ್ಯಾಟಲಾಗ್. ಪ್ರತಿ ಸಾಮಾನಿಗೆ ಒಂದು ಫೋಟೋ, ತೂಕ, ರೇಟು, ಕೊರಿಯರ್ ಖರ್ಚು. ರೇಟು ಬರೆಯದೆ ‘ಇನ್‌ಬಾಕ್ಸ್ ಮಾಡಿ’ ಎನ್ನುವ ಚಾಳಿ ನನಗೆ ಹಿಡಿಸುವುದಿಲ್ಲ. ಕೇಳಲು ಸಂಕೋಚಪಡುವ ಗಿರಾಕಿ ಸುಮ್ನೆ ಮುಂದೆ ಹೋಗುತ್ತಾನೆ. ಪಕ್ಕದ ಅಂಗಡಿಯವರಿಗೆ ರೇಟು ಗೊತ್ತಾಗಬಾರದು ಎಂದು ಮುಚ್ಚಿಡುವುದಂತೂ ಅರ್ಥವಿಲ್ಲದ್ದು, ಅವರಿಗೆ ಅದು ಎಂದೋ ಗೊತ್ತಿರುತ್ತದೆ.

ಎರಡನೆಯದು ಕ್ವಿಕ್ ರಿಪ್ಲೈ. ದಿನಕ್ಕೆ ಹತ್ತು ಜನ ‘ರೂಮ್ ರೇಟ್ ಎಷ್ಟು’ ಎಂದು ಕೇಳುತ್ತಾರೆ. ಒಂದು ಉತ್ತರ ಬರೆದು ಸೇವ್ ಮಾಡಿದರೆ ಮುಂದಿನ ಸಲ ಓರೆಗೆರೆ (/) ಒತ್ತಿ ಆರಿಸಿದರೆ ಮುಗಿಯಿತು. ಉತ್ತರದಲ್ಲಿ ಒಬ್ಬರಿಗೆ ಎಷ್ಟು, ಊಟ ಸೇರಿದೆಯೋ ಇಲ್ಲವೋ, ಮಕ್ಕಳಿಗೆ ಹೇಗೆ, ಅಡ್ವಾನ್ಸ್ ಎಷ್ಟು, ರದ್ದು ಮಾಡಿದರೆ ವಾಪಸ್ ಎಷ್ಟು, ಇವೆಲ್ಲ ಇರಲಿ. ಜತೆಗೆ ನೀವು ಫೋನ್ ಹತ್ತಿರ ಇಲ್ಲದಾಗ ತಾನಾಗಿ ಹೋಗುವ ‘ಅವೇ ಮೆಸೇಜ್’ (away message) ಹಾಕಿಡಿ: ‘ಈಗ ತೋಟದಲ್ಲಿದ್ದೇವೆ, ಸಂಜೆ ಆರರೊಳಗೆ ಉತ್ತರಿಸುತ್ತೇವೆ.’ ಹಾಗೆ ಹೇಳಿದ ಮೇಲೆ ಆರರೊಳಗೆ ಉತ್ತರಿಸಿ.

ಲೇಬಲ್ ಎಂಬ ಸೌಲಭ್ಯವನ್ನು ಹೆಚ್ಚಿನವರು ಮುಟ್ಟುವುದೇ ಇಲ್ಲ. ‘ಹಣ ಬಂದಿದೆ’, ‘ಕಳಿಸಿದೆ’, ‘ಮತ್ತೆ ಕೇಳಬೇಕು’ ಎಂದು ಮೂರು ಬಣ್ಣದ ಲೇಬಲ್ ಇಟ್ಟುಕೊಂಡರೆ ಕೊಯ್ಲಿನ ಗಡಿಬಿಡಿಯಲ್ಲೂ ಯಾರ ಪಾರ್ಸೆಲ್ ಬಾಕಿ ಎಂದು ತಿಳಿಯುತ್ತದೆ.

ಇನ್ನು ನಿಜವಾಗಿ ದುಡ್ಡು ತರುವ ಭಾಗ, ಬ್ರಾಡ್‌ಕಾಸ್ಟ್ ಲಿಸ್ಟ್. ಒಂದು ಲಿಸ್ಟ್‌ಗೆ 256 ಜನರನ್ನು ಸೇರಿಸಬಹುದು. ನೀವು ಒಂದು ಸಲ ಬರೆದರೆ ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಹೋಗುತ್ತದೆ. ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಗಿರಾಕಿಗಳನ್ನೆಲ್ಲ ಒಂದು ಗುಂಪಿಗೆ ಹಾಕಬೇಡಿ ಎನ್ನುವುದು ಇದಕ್ಕೇ. ಗುಂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಸಿಗುತ್ತದೆ, ಜತೆಗೆ ಮೂರನೇ ದಿನಕ್ಕೆ ರಾಜಕೀಯ ಶುರುವಾಗುತ್ತದೆ.

ಆದರೆ ಒಂದು ಷರತ್ತು. ನಿಮ್ಮ ನಂಬರನ್ನು ತಮ್ಮ ಫೋನ್‌ನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಬ್ರಾಡ್‌ಕಾಸ್ಟ್ ತಲುಪುತ್ತದೆ. ಹಾಗಾಗಿ ಕೆಲಸ ಶುರುವಾಗುವುದು ಕೌಂಟರ್‌ನಲ್ಲಿ. ಆ್ಯಪ್‌ನಲ್ಲೇ ನಿಮ್ಮ ಕ್ಯೂಆರ್ ಕೋಡ್ ಸಿಗುತ್ತದೆ, ಅದನ್ನು ಪ್ರಿಂಟ್ ಹಾಕಿಸಿ ಗಲ್ಲಾಪೆಟ್ಟಿಗೆ ಪಕ್ಕ ಅಂಟಿಸಿ. ಬಿಲ್ ಮಾಡುವಾಗ ಬಾಯಿ ಬಿಟ್ಟು ಕೇಳಿ: ‘ಅಕ್ಕಾ, ಇದನ್ನು ಸ್ಕ್ಯಾನ್ ಮಾಡಿ ನಂಬರ್ ಸೇವ್ ಮಾಡ್ಕೊಳ್ಳಿ, ಹೊಸ ಮೆಣಸು ಬಂದಾಗ ತಿಳಿಸ್ತೀವಿ. ಪುಡಿ ಮುಗಿದಾಗ ಒಂದು ಮೆಸೇಜ್ ಹಾಕಿ, ಮನೆಗೇ ಬರುತ್ತೆ.’ ಒಪ್ಪಿದವರನ್ನು ಮಾತ್ರ ಲಿಸ್ಟ್‌ಗೆ ಹಾಕಿ. ಹೋಮ್‌ಸ್ಟೇ ಆದರೆ ಹೊರಡುವಾಗ ಕೊಡುವ ಕಾಫಿಯ ಹೊತ್ತು ಇದನ್ನು ಕೇಳಲು ಸರಿಯಾದ ಹೊತ್ತು.

ತಿಂಗಳಿಗೆ ಒಂದು, ಹೆಚ್ಚೆಂದರೆ ಎರಡು ಮೆಸೇಜ್ ಸಾಕು. ಗುಡ್ ಮಾರ್ನಿಂಗ್ ಹೂವು, ಹಬ್ಬದ ಬ್ಯಾನರ್ ಕಳಿಸಿದರೆ ಬ್ಲಾಕ್ ಆಗುತ್ತೀರಿ. ಹೀಗೆ ಬರೆಯಬಹುದು:

‘ನಮಸ್ಕಾರ. ಈ ಸಲದ ಕರಿಮೆಣಸು ಒಣಗಿ ಆಯಿತು. ಕಾಲು ಕಿಲೋ, ಅರ್ಧ ಕಿಲೋ ಪ್ಯಾಕೆಟ್ ಇದೆ. ಬೇಕಾದವರು ಶುಕ್ರವಾರದೊಳಗೆ ಹೇಳಿ, ಸೋಮವಾರ ಕೊರಿಯರ್‌ಗೆ ಹಾಕುತ್ತೇವೆ. ಇಂಥ ಮೆಸೇಜ್ ಬೇಡವಾದರೆ ಬೇಡ ಎಂದು ಬರೆಯಿರಿ, ಮತ್ತೆ ಕಳಿಸುವುದಿಲ್ಲ.’

ಜತೆಗೆ ಕಣದಲ್ಲಿ ಮೆಣಸು ಹರಡಿರುವ ಒಂದು ಫೋಟೋ. ಅಷ್ಟೇ.

ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ಜಾಗ

ಇದನ್ನು ಸೋಷಿಯಲ್ ಮೀಡಿಯಾ ಅನ್ನಬಹುದೋ ಇಲ್ಲವೋ, ನನಗೆ ಆ ಚರ್ಚೆ ಬೇಡ. ಇನ್‌ಸ್ಟಾಗ್ರಾಂನಲ್ಲಿ ನಿಮ್ಮನ್ನು ನೋಡಿದವರು ಮುಂದೆ ಮಾಡುವ ಕೆಲಸವೇ ಮ್ಯಾಪ್‌ನಲ್ಲಿ ಹೆಸರು ಹಾಕಿ ರಿವ್ಯೂ ಓದುವುದು. ಗೂಗಲ್ ಬಿಸಿನೆಸ್ ಪ್ರೊಫೈಲ್ ತೆರೆಯುವುದು ಉಚಿತ. ಜಾಗ ನಿಮ್ಮದೇ ಎಂದು ತೋರಿಸಲು ವಿಡಿಯೋ ಕೇಳಬಹುದು: ಬೋರ್ಡು, ರಸ್ತೆ, ಒಳಗಿನ ಕೋಣೆ ಎಲ್ಲ ಒಂದೇ ಸಲ ಕಾಣುವಂತೆ ತೆಗೆಯಿರಿ.

ಪಿನ್ ಎಲ್ಲಿ ಹಾಕುತ್ತೀರಿ ಎನ್ನುವುದು ನಮ್ಮಲ್ಲಿ ದೊಡ್ಡ ವಿಷಯ. ಮನೆಯ ಮೇಲೆ ಪಿನ್ ಹಾಕಿದರೆ ಮ್ಯಾಪ್ ಹತ್ತಿರದ ದಾರಿ ಎಂದು ಪಕ್ಕದ ಎಸ್ಟೇಟಿನ ಕೆಲಸಗಾರರ ಲೈನ್‌ಮನೆ ರಸ್ತೆಗೆ ಕಾರು ಇಳಿಸುತ್ತದೆ. ರಾತ್ರಿ ಒಂಬತ್ತಕ್ಕೆ, ಮಳೆಯಲ್ಲಿ, ಆನೆ ಓಡಾಡುವ ಜಾಗದಲ್ಲಿ. ಹಾಗೆ ಆಗುತ್ತಿದ್ದರೆ ಮುಖ್ಯ ಗೇಟಿನ ಲೊಕೇಶನ್ ಕಳಿಸಿ. ಜತೆಗೆ ಡಾಂಬರು ರಸ್ತೆಯಿಂದ ತಿರುಗುವ ಜಾಗದ ಫೋಟೋ, ಬಸ್ ಸ್ಟಾಪೋ ಅಂಗಡಿಯೋ ಗುರುತಿಗೆ ಸಿಗುವಂತೆ. ಕೊನೆಯ ಒಂದು ಕಿಲೋಮೀಟರ್ ಜೀಪ್ ಮಾತ್ರ ಹೋಗುವ ದಾರಿಯಾದರೆ ಮೊದಲೇ ಬರೆಯಿರಿ. ಸಣ್ಣ ಕಾರಿನವರು ಬಂದು ಕೋಪಿಸಿಕೊಂಡು ಒಂದು ಸ್ಟಾರ್ ಹಾಕುವುದು ತಪ್ಪುತ್ತದೆ.

ಕೆಟ್ಟ ರಿವ್ಯೂ ಬಂದೇ ಬರುತ್ತದೆ. ಕರೆಂಟ್ ಇರಲಿಲ್ಲ, ಇಂಬಳ (ಜಿಗಣೆ) ಕಚ್ಚಿತು, ನೆಟ್‌ವರ್ಕ್ ಇಲ್ಲ, ಊಟ ತಡವಾಯಿತು. ಉತ್ತರ ಬರೆಯುವುದು ಆ ಗಿರಾಕಿಗಾಗಿ ಅಲ್ಲ, ಮುಂದೆ ಓದುವ ನೂರು ಜನಕ್ಕಾಗಿ. ಜಗಳದ ಧಾಟಿ ಬೇಡ, ಅಡ್ಡ ಬೀಳುವುದೂ ಬೇಡ. ‘ಆ ದಿನ ಗಾಳಿಮಳೆಗೆ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಗಿತ್ತು. ನಿಮಗೆ ತೊಂದರೆಯಾದದ್ದು ನಿಜ. ಈಗ ರೂಮುಗಳಿಗೆ ಇನ್ವರ್ಟರ್ ಹಾಕಿಸಿದ್ದೇವೆ, ಬಿಸಿನೀರಿಗೆ ಸೌದೆ ಒಲೆ ಇದೆ.’ ಹಾಕಿಸಿದ್ದರೆ ಮಾತ್ರ ಹೀಗೆ ಬರೆಯಿರಿ. ಇಂಬಳದ ದೂರಿಗೆ ನಾನಾದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟದಲ್ಲಿ ಇಂಬಳ ಇರುತ್ತದೆ, ಉಪ್ಪು, ಉದ್ದ ಸಾಕ್ಸ್ ಕೊಡುತ್ತೇವೆ ಎಂದು ಬರೆಯುತ್ತೇನೆ. ಅದು ಮುಂದಿನವರಿಗೆ ಮಾಹಿತಿಯೂ ಆಯಿತು.

ನೆಂಟರಿಷ್ಟರಿಂದ ಐದು ಸ್ಟಾರ್ ಹಾಕಿಸುವುದು ಬಿಡಿ. ಒಂದೇ ಮನೆತನದ ಹೆಸರಿನ ಆರು ರಿವ್ಯೂ ಒಂದೇ ವಾರ ಬಂದರೆ ಓದುವವರಿಗೆ ತಿಳಿಯುವುದಿಲ್ವಾ?

ಇನ್‌ಸ್ಟಾಗ್ರಾಂ: ತೋಟದ ಕ್ಯಾಲೆಂಡರ್ ನೋಡಿ ಪೋಸ್ಟ್ ಹಾಕಿ

ಅಕೌಂಟನ್ನು ಪ್ರೊಫೆಷನಲ್‌ಗೆ ಬದಲಿಸಿ, ದುಡ್ಡೇನೂ ಇಲ್ಲ. ಯಾವ ಊರಿನವರು ನೋಡುತ್ತಿದ್ದಾರೆ ಎಂಬ ಲೆಕ್ಕ ಸಿಗುತ್ತದೆ. ಪ್ರೊಫೈಲ್‌ನಲ್ಲಿ ವಾಟ್ಸಾಪ್ ಲಿಂಕ್ ಹಾಕಿ. ಸ್ಟೋರಿ 24 ಗಂಟೆಗೆ ಹೋಗಿಬಿಡುತ್ತದೆ, ಹಾಗಾಗಿ ‘ದಾರಿ’, ‘ರೂಮು’, ‘ಊಟ’, ‘ರೇಟು’ ಎಂದು ನಾಲ್ಕು ಹೈಲೈಟ್ ಮಾಡಿ ಅಲ್ಲಿ ಉಳಿಸಿ.

‘ದಿನಾ ಏನು ಹಾಕುವುದು’ ಎಂದು ತಲೆ ಕೆಡಿಸಿಕೊಳ್ಳಬೇಡಿ. ದಿನಾ ಹಾಕಲೇಬೇಕೆಂದಿಲ್ಲ. ಕೊಡಗಿನಲ್ಲಿ ವರ್ಷವೇ ವಿಷಯ ಕೊಡುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬಿದ್ದು ಒಂದು ವಾರ, ಹತ್ತು ದಿನಕ್ಕೆ ಕಾಫಿ ಹೂವು. ತೋಟವೆಲ್ಲ ಬಿಳಿ, ಮಲ್ಲಿಗೆಯಂಥ ಘಮ. ಅದು ಇರುವುದು ಕೆಲವೇ ದಿನ, ಆ ದಿನಗಳಲ್ಲಿ ಬೇರೆ ಕೆಲಸ ಬದಿಗಿಟ್ಟು ವಿಡಿಯೋ ತೆಗೆಯಿರಿ. ಸುಮಾರು ಅದೇ ಹೊತ್ತಿಗೆ ಮೆಣಸಿನ ಕೊಯ್ಲು. ಬೇಸಿಗೆಯಲ್ಲಿ ಜೇನು, ಜತೆಗೆ ಕೊಡವ ಕುಟುಂಬಗಳ ನಡುವಿನ ಹಾಕಿ ಪಂದ್ಯಾವಳಿ. 1997ರಲ್ಲಿ ಕರಡದಲ್ಲಿ ಶುರುವಾದ ಈ ಹಬ್ಬಕ್ಕೆ ಹೊರಗಿರುವ ನಮ್ಮವರೆಲ್ಲ ಊರಿಗೆ ಬರುತ್ತಾರೆ, ಉಪ್ಪಿನಕಾಯಿ ಮಾರಲು ಅದಕ್ಕಿಂತ ಒಳ್ಳೆಯ ಸಮಯ ಇಲ್ಲ. ಆಗಸ್ಟ್ ಮೊದಲ ವಾರ ಕಕ್ಕಡ (ಕೊಡವರ ಮಳೆಗಾಲದ ತಿಂಗಳು) 18ರ ಮದ್ದು ಸೊಪ್ಪಿನ ಪಾಯಸ. ಆ ನೇರಳೆ ಬಣ್ಣವೇ ಅರ್ಧ ಕೆಲಸ ಮಾಡುತ್ತದೆ. ಸೆಪ್ಟೆಂಬರ್‌ನಲ್ಲಿ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತ, ಆಮೇಲೆ ಮಡಿಕೇರಿ ದಸರಾ, ಅಕ್ಟೋಬರ್ ನಡುವಿನಲ್ಲಿ ತಲಕಾವೇರಿಯ ತೀರ್ಥೋದ್ಭವ, ಮುಂದೆ ಭತ್ತದ ಸುಗ್ಗಿ ಹಬ್ಬ ಹುತ್ತರಿ. ಅಷ್ಟರಲ್ಲಿ ಅರೇಬಿಕಾ ಕೆಂಪಾಗಿರುತ್ತದೆ, ಆಮೇಲೆ ರೊಬಸ್ಟಾ.

ಇದರಲ್ಲಿ ಮಾರಾಟ ಎಲ್ಲಿದೆ ಎಂದು ಕೇಳಬಹುದು. ಕಾಫಿ ಹಣ್ಣು ಕೊಯ್ಯುವುದು, ಪಲ್ಪ್ ಮಾಡುವುದು (ಹಣ್ಣಿನ ಸಿಪ್ಪೆ ಬಿಡಿಸುವುದು), ಕಣದಲ್ಲಿ ಆ ಬೀಜ, ಅಂದರೆ ಪಾರ್ಚ್‌ಮೆಂಟ್ ತಿರುವಿ ಹಾಕುವುದು, ಹುರಿಯುವುದು, ಪುಡಿ ಮಾಡುವುದು. ಇದನ್ನು ಐದು ಸಣ್ಣ ವಿಡಿಯೋಗಳಲ್ಲಿ ನೋಡಿದವರು ನಿಮ್ಮ ಪುಡಿಗೆ ಸ್ವಲ್ಪ ಜಾಸ್ತಿ ರೇಟು ಕೊಡಲು ಹಿಂದೆಮುಂದೆ ನೋಡುವುದಿಲ್ಲ. ಮೆಣಸು ಬೆರಕೆ, ಜೇನು ಬೆರಕೆ ಎಂಬ ಸುದ್ದಿ ಕೇಳಿ ಕೇಳಿ ಜನಕ್ಕೆ ನಂಬಿಕೆ ಕಡಿಮೆಯಾಗಿದೆ. ಪೆಟ್ಟಿಗೆ ತೆರೆದು ತುಡುವೆ ಜೇನಿನ ತಟ್ಟಿ ತೋರಿಸುವ ಅರ್ಧ ನಿಮಿಷದ ವಿಡಿಯೋ ಮುಂದೆ ‘ನೂರಕ್ಕೆ ನೂರು ಶುದ್ಧ’ ಎಂಬ ಬ್ಯಾನರ್‌ಗೆ ಬೆಲೆ ಇಲ್ಲ.

ಫೋಟೋಗೆ ಬೆಳಗಿನ ಏಳರಿಂದ ಒಂಬತ್ತರ ಬೆಳಕು ಚೆನ್ನ. ಲೆನ್ಸ್ ಒರೆಸಿ. ಬಣ್ಣ ಹೆಚ್ಚಿಸುವ ಫಿಲ್ಟರ್ ಬೇಡ, ಬಂದವರು ಹಸಿರು ಕಡಿಮೆ ಎಂದು ಬೇಜಾರು ಮಾಡಿಕೊಳ್ಳುತ್ತಾರೆ. ಎರಡು ಸಾಲು ಕನ್ನಡ, ಎರಡು ಸಾಲು ಇಂಗ್ಲಿಷ್ ಬರೆದರೆ ಎಲ್ಲರಿಗೂ ಆಯಿತು.

ಎರಡು ಎಚ್ಚರಿಕೆ. ಆನೆ ರೀಲ್ಸ್‌ಗೆ ಲೈಕ್ ಬರುತ್ತದೆ ನಿಜ, ಆದರೆ ‘ಆನೆ ತೋರಿಸುತ್ತೇವೆ’ ಎಂಬ ಆಸೆ ಹುಟ್ಟಿಸಬೇಡಿ. ಅದನ್ನು ನಂಬಿ ಬಂದವರು ಸಂಜೆ ತೋಟದೊಳಗೆ ಒಬ್ಬರೇ ನಡೆಯಲು ಹೊರಡುತ್ತಾರೆ. ಹಾಗೆಯೇ ಊರವರಿಗೆ ಮಾತ್ರ ಗೊತ್ತಿರುವ ಹೊಳೆ, ಬಂಡೆಗಳ ಲೊಕೇಶನ್ ಟ್ಯಾಗ್ ಮಾಡಬೇಡಿ. ಹೋಬಳಿಯ ಹೆಸರು ಸಾಕು.

ಮಳೆಗಾಲದ ವದಂತಿ

2018ರ ಆಗಸ್ಟ್‌ನ ಭೂಕುಸಿತ ನಮಗೆಲ್ಲ ಗೊತ್ತು. ಆ ವಿಡಿಯೋಗಳು ಈಗಲೂ ಮಳೆ ಜೋರಾದಾಗ ‘ಇಂದಿನ ದೃಶ್ಯ’ ಎಂದು ತಿರುಗುತ್ತವೆ, ಬುಕಿಂಗ್ ರದ್ದಾಗುತ್ತದೆ. ಇದಕ್ಕೆ ನಿಮ್ಮ ಕೈಲಿರುವ ಉತ್ತರ ಇಂದಿನ ವಿಡಿಯೋ. ಗೇಟಿನ ಮುಂದೆ ನಿಂತು ತಾರೀಕು ಹೇಳಿ, ರಸ್ತೆ ತೋರಿಸಿ, ಬುಕ್ ಮಾಡಿದವರಿಗೆ ವಾಟ್ಸಾಪ್‌ನಲ್ಲಿ ಕಳಿಸಿ. ರಸ್ತೆ ನಿಜವಾಗಿಯೂ ಕೆಟ್ಟಿದ್ದರೆ, ಜಿಲ್ಲಾಡಳಿತ ಬರಬೇಡಿ ಎಂದಿದ್ದರೆ, ಅದನ್ನೂ ಹೇಳಿ ದಿನಾಂಕ ಬದಲಿಸಿಕೊಡಿ. ಅಡ್ವಾನ್ಸ್ ಹಿಡಿದಿಟ್ಟು ಒಬ್ಬರನ್ನು ಕಳೆದುಕೊಳ್ಳುವುದಕ್ಕಿಂತ ಡಿಸೆಂಬರ್‌ಗೆ ಅವರನ್ನು ಕರೆಸಿಕೊಳ್ಳುವುದು ಲಾಭ.

ಪಕ್ಕದವರ ಜತೆ ಸೇರಿ

ಒಂದೇ ಊರಿನ ಐದಾರು ಹೋಮ್‌ಸ್ಟೇಯವರು ತಮ್ಮೊಳಗೆ ಒಂದು ವಾಟ್ಸಾಪ್ ಗುಂಪು ಮಾಡಿಕೊಳ್ಳಿ. ಗಿರಾಕಿಗಳ ಗುಂಪು ಬೇಡ ಎಂದೆ, ವ್ಯಾಪಾರದವರ ಗುಂಪು ಬೇಕು. ನಿಮ್ಮಲ್ಲಿ ರೂಮ್ ಇಲ್ಲದಾಗ ‘ಇಲ್ಲ’ ಎಂದು ಫೋನ್ ಇಡುವ ಬದಲು ‘ಪಕ್ಕದಲ್ಲಿ ಕೇಳಿ ಹೇಳುತ್ತೇನೆ’ ಎನ್ನಿ. ನಾಳೆ ಅವರೂ ನಿಮಗೆ ಕಳಿಸುತ್ತಾರೆ. ಕಮಿಷನ್ ಇಟ್ಟುಕೊಳ್ಳುವುದಾದರೆ ಮೊದಲೇ ಮಾತಾಡಿ, ಆಮೇಲೆ ಮನಸ್ತಾಪ ಬೇಡ.

ಹಾಗೆಯೇ ಮಾಂದಲಪಟ್ಟಿಗೆ ಕರೆದೊಯ್ಯುವ ಜೀಪಿನವರು, ಜೇನು ಸಾಕುವವರು, ಮನೆಯಲ್ಲೇ ಚಾಕೊಲೇಟ್ ಮಾಡುವವರು, ಇವರನ್ನು ನಿಮ್ಮ ಪೋಸ್ಟ್‌ನಲ್ಲಿ ಟ್ಯಾಗ್ ಮಾಡಿ. ಅವರ ಫಾಲೋವರ್‌ಗಳು ನಿಮ್ಮನ್ನು ನೋಡುತ್ತಾರೆ, ನಿಮ್ಮವರು ಅವರನ್ನು. ದುಡ್ಡು ಕೊಟ್ಟ ಜಾಹೀರಾತಿಗಿಂತ ಇದಕ್ಕೆ ನಂಬಿಕೆ ಹೆಚ್ಚು.

ಕಾಗದಪತ್ರ

ತಿನ್ನುವ ವಸ್ತು ಮಾರುವವರು ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ಪ್ರಾಧಿಕಾರ) ನೋಂದಣಿ ಮಾಡಿಸಿ, ಆ 14 ಅಂಕಿಯ ನಂಬರ್ ಲೇಬಲ್ ಮೇಲೆ ಇರಬೇಕು. ಮನೆಯಲ್ಲೇ ಮಾಡುತ್ತೇವೆ ಎಂದರೂ ಬೇಕು. ಕಾಫಿಗೆ ಚಿಕೋರಿ ಬೆರೆಸಿದ್ದರೆ ಶೇಕಡಾ ಎಷ್ಟು ಎಂದು ಬರೆಯಬೇಕು, ಚಿಕೋರಿ 49ಕ್ಕಿಂತ ಹೆಚ್ಚಿರುವಂತಿಲ್ಲ. ಕೂರ್ಗ್ ಅರೇಬಿಕಾಗೆ 2019ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಸಿಕ್ಕಿದೆ, ಕೊಡಗಿನ ಕಿತ್ತಳೆ, ಏಲಕ್ಕಿಗೂ ಇದೆ. ಆದರೆ ಆ ಗುರುತು ಹಾಕಿಕೊಳ್ಳಲು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡಿರಬೇಕು. ಮನೆ ವೈನ್ ಫೋಟೋ ಹಾಕಿ ‘ಬೇಕಾದವರು ಮೆಸೇಜ್ ಮಾಡಿ’ ಎನ್ನುವವರು ಜಾಸ್ತಿಯಾಗಿದ್ದಾರೆ. ಅಬಕಾರಿ ಪರವಾನಗಿ ಇಲ್ಲದೆ ಮಾರುವುದು ಅಪರಾಧ, ವಾಟ್ಸಾಪ್ ಕ್ಯಾಟಲಾಗ್‌ಗೂ ಮದ್ಯ ಹಾಕುವಂತಿಲ್ಲ.

‘ಎರಡು ರಾತ್ರಿ ಉಚಿತ ಕೊಡಿ, ರೀಲ್ಸ್ ಮಾಡುತ್ತೇವೆ’ ಎಂದು ಬರುವವರಿಗೆ ಕೂಡಲೇ ಹೂಂ ಎನ್ನಬೇಡಿ. ಅವರ ಫಾಲೋವರ್ ಎಷ್ಟು ಎನ್ನುವುದಕ್ಕಿಂತ ಯಾವ ಊರಿನವರು ಎಂದು ಕೇಳಿ, ಇನ್‌ಸೈಟ್ಸ್ ತೋರಿಸಲು ಹೇಳಿ. ಒಪ್ಪಿದರೆ ಬರಹದಲ್ಲಿ ಮಾತಾಡಿ. ಉಚಿತ ವಾಸ್ತವ್ಯ ಪಡೆದು ಹೊಗಳಿದರೆ ಅದನ್ನು ಪೋಸ್ಟ್‌ನಲ್ಲಿ ಹೇಳಲೇಬೇಕು ಎಂದು ಕೇಂದ್ರ ಸರ್ಕಾರದ 2023ರ ಮಾರ್ಗಸೂಚಿ ಹೇಳುತ್ತದೆ.

ಮೋಸ

ಇದನ್ನು ದಯವಿಟ್ಟು ಮನೆಯ ಎಲ್ಲರಿಗೂ ಓದಿಸಿ. ಹೋಮ್‌ಸ್ಟೇಗೆ ಫೋನ್ ಬರುತ್ತದೆ: ‘ನಾನು ಆರ್ಮಿಯವನು, ಹತ್ತು ಜನರಿಗೆ ಬುಕ್ ಮಾಡಬೇಕು, ಅಡ್ವಾನ್ಸ್ ಕಳಿಸುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ.’ ಐಡಿ ಕಾರ್ಡಿನ ಫೋಟೋವೂ ಬರುತ್ತದೆ. ದೇಶದ ಎಲ್ಲ ಕಡೆ ನಡೆಯುವ ಮೋಸ ಇದು, ಆದರೆ ಕಾರ್ಯಪ್ಪ, ತಿಮ್ಮಯ್ಯ ಅವರ ನಾಡಿನಲ್ಲಿ, ಮನೆಗೊಬ್ಬ ಸೈನಿಕ ಇರುವ ಕಡೆ, ಆರ್ಮಿ ಎಂದ ಕೂಡಲೇ ನಾವು ಎರಡನೇ ಪ್ರಶ್ನೆ ಕೇಳುವುದಿಲ್ಲ. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ, ಸ್ಕ್ಯಾನ್ ಮಾಡಬೇಕಾಗಿಲ್ಲ. ಪಿನ್ ಕೇಳಿದರೆ ಹಣ ಹೋಗುತ್ತಿದೆ ಎಂದೇ ಅರ್ಥ. ಹೋದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಹಣ ಬಂತು ಎಂಬ ಸ್ಕ್ರೀನ್‌ಶಾಟ್ ನಂಬಿ ಪಾರ್ಸೆಲ್ ಕಳಿಸಬೇಡಿ, ಬ್ಯಾಂಕ್ ಖಾತೆ ನೋಡಿ. ವಾಟ್ಸಾಪ್, ಇನ್‌ಸ್ಟಾಗ್ರಾಂ ಎರಡಕ್ಕೂ ಟು ಸ್ಟೆಪ್ ವೆರಿಫಿಕೇಶನ್ ಇಂದೇ ಆನ್ ಮಾಡಿ.

ಜಾಹೀರಾತು, ಲೆಕ್ಕದ ಪುಸ್ತಕ

ಮೇಲಿನದೆಲ್ಲ ಒಂದು ಸೀಸನ್ ನಡೆದ ಮೇಲೆ ದುಡ್ಡು ಕೊಟ್ಟು ಪೋಸ್ಟನ್ನು ಹೆಚ್ಚು ಜನರಿಗೆ ತೋರಿಸುವ ಬೂಸ್ಟ್ ಬಟನ್ ಮುಟ್ಟಿ. ಆಗಲೇ ಚೆನ್ನಾಗಿ ಓಡಿದ ಪೋಸ್ಟ್ ಆರಿಸಿ, ಇಡೀ ಭಾರತ ಎಂದು ಬಿಡದೆ ಬೆಂಗಳೂರು, ಮೈಸೂರು ಎಂದು ಊರು ಹಾಕಿ, ಒಂದು ವಾರಕ್ಕೆ ಸಣ್ಣ ಮೊತ್ತ ಇಡಿ. ಮಳೆಗಾಲದ ವಾರದ ದಿನಗಳಂತೆ ರೂಮ್ ಖಾಲಿ ಇರುವ ಸಮಯಕ್ಕೆ ಹಾಕಿ. ದಸರಾ, ಕ್ರಿಸ್‌ಮಸ್ ರಜೆಗೆ ಜನ ತಾವೇ ಬರುತ್ತಾರೆ, ಆಗ ದುಡ್ಡು ಹಾಕುವುದು ದಂಡ.

ಕೌಂಟರ್‌ನಲ್ಲಿ ಒಂದು ನೋಟ್‌ಬುಕ್ ಇಡಿ. ಹೊಸಬರು ಬಂದಾಗ, ಆರ್ಡರ್ ಬಂದಾಗ ‘ನಮ್ಮ ವಿಷಯ ಎಲ್ಲಿ ಗೊತ್ತಾಯಿತು’ ಎಂದು ಕೇಳಿ ಬರೆದಿಡಿ: ಮ್ಯಾಪ್, ಇನ್‌ಸ್ಟಾ, ನೆಂಟರು, ಬ್ರಾಡ್‌ಕಾಸ್ಟ್, ರಸ್ತೆಬದಿಯ ಬೋರ್ಡು. ಆರು ತಿಂಗಳಾದ ಮೇಲೆ ತೆಗೆದು ನೋಡಿ. ಇನ್‌ಸ್ಟಾಗ್ರಾಂನಿಂದ ಯಾರೂ ಬಂದಿಲ್ಲ, ಬೋರ್ಡು ನೋಡಿ ಬಂದವರೇ ಹೆಚ್ಚು ಎಂದಾದರೆ ಆ ಬೋರ್ಡಿಗೆ ಹೊಸ ಬಣ್ಣ ಹೊಡೆಸಿ, ಮೂಲೆಯಲ್ಲಿ ವಾಟ್ಸಾಪ್ ನಂಬರ್ ದೊಡ್ಡದಾಗಿ ಬರೆಸಿ.